ಸೆನ್ಸರ್ ಮೇಲಿನ ಧೂಳು: ರಾಕೆಟ್ ಬ್ಲೋವರ್ ಮತ್ತು ಸ್ವಾಬ್ ಕಿಟ್ ಬಳಸಿ ನೋಡಿದಾಗ

ಹಂಪಿಯ ಮಾತಂಗ ಬೆಟ್ಟದ ತುದಿಯಲ್ಲಿ ಗಾಳಿ ಬೀಸುತ್ತಿರುವಾಗಲೇ ಲೆನ್ಸ್ ಬದಲಿಸಿದ್ದರ ಫಲ, ಮನೆಗೆ ಬಂದು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ಕಂಡಿತು. ಅಚ್ಯುತರಾಯ ದೇವಾಲಯದಾಚೆಯ ತಿಳಿ ಆಕಾಶದಲ್ಲಿ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ, ಬೂದುಬಣ್ಣದ ಮೂರು ಮಸುಕು ಚುಕ್ಕೆಗಳಿದ್ದವು. ಬೇರೆ ಲೆನ್ಸ್ ಹಾಕಿದರೂ ಚುಕ್ಕೆ ಕದಲದಿದ್ದರೆ ಧೂಳು ಸೆನ್ಸರ್ ಮೇಲೆಯೇ, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಫಲಕದ ಮೇಲೆಯೇ, ಕೂತಿದೆ ಎಂದರ್ಥ. ಆಗ ಕೊಂಡ ಜಿಯೋಟೋಸ್ ರಾಕೆಟ್ ಬ್ಲೋವರ್ ಹಾಗೂ 24 ಮಿ.ಮೀ. ಅಗಲದ ಸ್ವಾಬ್‌ಗಳ (ದ್ರವ ಹಾಕಿ ಒರೆಸುವ, ತುದಿಗೆ ಬಟ್ಟೆಯಿರುವ ಕಡ್ಡಿಗಳ) ಕಿಟ್ ಎರಡನ್ನೂ ನನ್ನ ನಿಕಾನ್ ಡಿ750 ಕ್ಯಾಮೆರಾಕ್ಕೆ ಎರಡು ವರ್ಷಗಳಿಂದ ಬಳಸುತ್ತಿದ್ದೇನೆ.

ಇವೆರಡರಲ್ಲಿ ನನ್ನ ಮೆಚ್ಚುಗೆ ಮೊದಲು ಸಲ್ಲುವುದು ಬ್ಲೋವರಿಗೆ. ಅಂಗೈ ತುಂಬುವ ದಪ್ಪ ರಬ್ಬರಿನ ಈ ಉಪಕರಣವನ್ನು ಹಿಂಡಿದಾಗ ಮೂತಿಯಿಂದ ಗಾಳಿ ರಭಸವಾಗಿ ಹೊಮ್ಮುತ್ತದೆ. ಕೈ ಸಡಿಲಿಸಿದಾಗ ಹೊಸ ಗಾಳಿ ಮೂತಿಯಿಂದಲ್ಲ, ತಳದ ಕವಾಟದಿಂದ ಒಳಹೋಗುವುದರಿಂದ, ಈಗಷ್ಟೇ ಹಾರಿಸಿದ ಧೂಳನ್ನೇ ಮತ್ತೆ ಒಳಗೆಳೆದುಕೊಂಡು ಸೆನ್ಸರ್ ಮೇಲೆ ಊದುವ ಅಪಾಯ ಕಡಿಮೆ. ಲೆನ್ಸ್ ತೆಗೆದ ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು, ಮೂತಿಯನ್ನು ಒಳಗೆ ತೂರಿಸದೆ, ಎಂಟು ಹತ್ತು ಬಾರಿ ಊದಿದಾಗ ಮೂರರಲ್ಲಿ ಎರಡು ಚುಕ್ಕೆಗಳು ಹೋದವು. ಡಬ್ಬಿಯಲ್ಲಿ ಸಿಗುವ ಒತ್ತಡದ ಗಾಳಿಯನ್ನು ಈ ಕೆಲಸಕ್ಕೆ ಖಂಡಿತ ಬಳಸಬಾರದು. ಅದರೊಳಗಿನ ದ್ರವ ಸಿಡಿದು ಸೆನ್ಸರ್ ಮುಂದಿನ ಗಾಜಿನ ಮೇಲೆ ಕಲೆ ಬೀಳಬಹುದು.

ಉಳಿದ ಒಂದು ಚುಕ್ಕೆ ಅಂಟಿಕೊಂಡಿತ್ತು. ಅದಕ್ಕೆ ಸ್ವಾಬ್ ಬೇಕಾಯಿತು. ನಾವು ಒರೆಸುವುದು ಸೆನ್ಸರನ್ನಲ್ಲ, ಅದರ ಮುಂದೆ ಕೂರಿಸಿರುವ ಫಿಲ್ಟರ್ ಗಾಜನ್ನು ಎಂಬುದು ತಿಳಿದ ಮೇಲೆ ನನ್ನ ಅಳುಕು ಎಷ್ಟೋ ಕಡಿಮೆಯಾಯಿತು; ಆದರೂ ಆ ಗಾಜಿಗೆ ಗೀರು ಬಿದ್ದರೆ ದುರಸ್ತಿ ದುಬಾರಿ. ಊದುವಾಗಲಿ ಒರೆಸುವಾಗಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವುದನ್ನು ನೋಡಿಕೊಂಡೇ ಸೆನ್ಸರಿನ ಮುಂದಿರುವ ಕನ್ನಡಿಯನ್ನು ಮೆನುವಿನ ಮೂಲಕ ಮೇಲೆತ್ತಿ ನಿಲ್ಲಿಸಬೇಕು, ಏಕೆಂದರೆ ನಡುವೆ ಚಾರ್ಜ್ ಮುಗಿದರೆ ಶಟರ್ (ಸೆನ್ಸರಿನ ಮುಂದಿನ ಪರದೆ) ಮುಚ್ಚಿ ಕನ್ನಡಿ ಕೆಳಗಿಳಿಯುತ್ತದೆ. ನನ್ನ ಕ್ಯಾಮೆರಾದಲ್ಲಿರುವಂಥ ಫುಲ್ ಫ್ರೇಮ್ ಸೆನ್ಸರಿನ ಅಳತೆ ಸುಮಾರು 36 ಗುಣಿಸು 24 ಮಿ.ಮೀ. ಆಗಿರುವುದರಿಂದ ಸ್ವಾಬಿನ ಅಗಲ ಅದರ ಎತ್ತರಕ್ಕೆ ಸರಿಹೊಂದುತ್ತದೆ: ಎಡದಿಂದ ಬಲಕ್ಕೆ ಒಂದೇ ಎಳೆತ, ನಂತರ ಸ್ವಾಬಿನ ಇನ್ನೊಂದು ಬದಿಯಿಂದ ಬಲದಿಂದ ಎಡಕ್ಕೆ ಇನ್ನೊಂದು ಎಳೆತ, ಅಲ್ಲಿಗೆ ಆ ಸ್ವಾಬಿನ ಕೆಲಸ ಮುಗಿಯಿತು. ಎಪಿಎಸ್-ಸಿ, ಅಂದರೆ ಇದಕ್ಕಿಂತ ಚಿಕ್ಕ ಸೆನ್ಸರಿನ, ಕ್ಯಾಮೆರಾ ಇರುವವರು 16 ಮಿ.ಮೀ. ಅಗಲದ್ದನ್ನೇ ಕೊಳ್ಳಬೇಕು.

ಮೊದಲ ಪ್ರಯತ್ನದಲ್ಲಿ, ಕಿಟ್‌ನ ಸೀಸೆಯಿಂದ ಸ್ವಾಬಿಗೆ ಹಾಕಿದ ಶುಚಿಗೊಳಿಸುವ ದ್ರವ ಹೆಚ್ಚಾಗಿ, ಸೆನ್ಸರಿನ ಬಲ ಅಂಚಿನಲ್ಲಿ ತೆಳುವಾದ ಗೆರೆ ಉಳಿಯಿತು. ಎರಡು ಹನಿ ಹಾಕಿ, ಬಟ್ಟೆಗೆ ಇಂಗಲು ಕೆಲವು ಸೆಕೆಂಡು ಬಿಟ್ಟು ಒರೆಸಿದಾಗ ಆ ಗೆರೆಯೂ ಹೋಯಿತು. ಕಿಟ್‌ನ ಬಗ್ಗೆ ನನಗಿರುವ ದೂರು ಇದೇ ಸೀಸೆಯದು: ಸ್ವಲ್ಪ ಒತ್ತಿದರೂ ಎರಡರ ಬದಲು ನಾಲ್ಕು ಹನಿ ಬೀಳುತ್ತವೆ, ಎಷ್ಟು ಹನಿ ಸಾಕೆಂಬ ಸೂಚನೆಯೂ ಪೊಟ್ಟಣದ ಮೇಲಿಲ್ಲ. ಒಮ್ಮೆ ಬಳಸಿದ ಸ್ವಾಬನ್ನು ಎಸೆಯಲೇಬೇಕಾದ್ದರಿಂದ ಖರ್ಚೂ ಹೆಚ್ಚು. ಸ್ವಾಬುಗಳು ಒಂದೊಂದೂ ಪ್ರತ್ಯೇಕ ಲಕೋಟೆಯಲ್ಲಿ ಬರುವುದು ಮಾತ್ರ ನಿಜಕ್ಕೂ ಒಳ್ಳೆಯ ವ್ಯವಸ್ಥೆ.

ಶುಚಿ ಮಾಡುವ ಮೊದಲೂ ನಂತರವೂ ಎಫ್/22ರಲ್ಲಿ, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಬಹಳ ಕಿರಿದಾಗಿಸಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಚಿತ್ರ ತೆಗೆದು ನೋಡುತ್ತೇನೆ. ಅಪರ್ಚರ್ ಕಿರಿದಾದಷ್ಟೂ ಧೂಳಿನ ನೆರಳು ಸ್ಪಷ್ಟವಾಗಿ ಬೀಳುತ್ತದೆ, ಕಿಂಡಿ ಅಗಲವಾಗಿರುವ ಎಫ್/2.8ರಲ್ಲಿ ಅದೇ ಚುಕ್ಕೆ ಕಣ್ಣಿಗೆ ಬೀಳುವುದೇ ಇಲ್ಲ. ಚಿತ್ರದ ಮೇಲ್ತುದಿಯಲ್ಲಿ ಕಂಡ ಚುಕ್ಕೆ, ಕ್ಯಾಮೆರಾವನ್ನು ಎದುರಿನಿಂದ ನೋಡಿದಾಗ, ಸೆನ್ಸರಿನ ಕೆಳತುದಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಹೊಸಬರು ಸದ್ಯಕ್ಕೆ ಬ್ಲೋವರ್ ಒಂದನ್ನೇ ಕೊಂಡರೆ ಸಾಕು. ಈ ಎರಡು ವರ್ಷಗಳಲ್ಲಿ ನಾನು ಸ್ವಾಬ್ ತೆಗೆದದ್ದು ಮೂರು ಬಾರಿ ಮಾತ್ರ; ಬ್ಲೋವರ್ ಅಂತೂ ಪ್ರತಿ ಪ್ರವಾಸದ ಬಳಿಕ ಚೀಲದಿಂದ ಹೊರಬರುತ್ತದೆ, ಬಾಡಿ ಕ್ಯಾಪ್ (ಲೆನ್ಸ್ ಇಲ್ಲದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ) ಮತ್ತು ಲೆನ್ಸಿನ ಹಿಂಬದಿಯ ಮುಚ್ಚಳಗಳ ಒಳಭಾಗವನ್ನೂ ಅದರಿಂದಲೇ ಊದಿಡುತ್ತೇನೆ.