ಯುಡಿಐಡಿ ಕಾರ್ಡಾ, ಅಡ್ವಾನ್ಸ್ ಡೈರೆಕ್ಟಿವಾ? ತಮ್ಮನಿಗೆ ಮೊದಲು ಎಂತ ಮಾಡಿಸೋದು

ಅಕ್ಕ, ತಮ್ಮನಿಗೆ ಸ್ಕಿಜೋಫ್ರೇನಿಯಾ ಉಂಟು, ಯಾವುದು ಮೊದಲು ಅಂತ ಕೇಳಿದ್ರಲ್ಲ, ಎರಡೂ ಬೇರೆ ಬೇರೆ ಕಾನೂನಿದ್ದು ಮಾರಾಯ್ರೆ. ಯುಡಿಐಡಿ ಕಾರ್ಡ್ ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಅದು 2016ರ ಅಂಗವಿಕಲರ ಹಕ್ಕು ಕಾಯ್ದೆಗೆ ಸೇರಿದ್ದು. ಅಡ್ವಾನ್ಸ್ ಡೈರೆಕ್ಟಿವ್ ಅಂದ್ರೆ ಮುಂದೆ ಕಾಯಿಲೆ ಜೋರಾದಾಗ ಹೇಗೆ ನೋಡ್ಕೊಳ್ಬೇಕು ಅಂತ ಮೊದಲೇ ಬರೆದಿಡೋ ಪತ್ರ, ಅದು 2017ರ ಮಾನಸಿಕ ಆರೋಗ್ಯ ಕಾಯ್ದೆದು.

ಓಡಾಟ ಜಾಸ್ತಿ ಕಾರ್ಡಿಗೇ. ಆನ್‌ಲೈನ್ ಅರ್ಜಿ ಹಾಕಿ ಮತ್ತೆ ಆಸ್ಪತ್ರೆಗೆ ಹೋಗ್ಬೇಕು, ಅಲ್ಲಿ ಸ್ನಾನ-ಬಟ್ಟೆ ತಾನೇ ನೋಡ್ಕೊಳ್ತಾನಾ, ಜನರ ಜೊತೆ ಹೇಗೆ, ಮಾತು ಅರ್ಥ ಆಗ್ತದಾ, ಕೆಲಸ ಮಾಡ್ತಾನಾ ಅಂತ ನೋಡಿ ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ಹಾಕ್ತಾರೆ. ನಮ್ಮ ಚಿಕ್ಕಪ್ಪ ಅವತ್ತು ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲದಕ್ಕೂ "ನಾನೇ ಮಾಡ್ತೇನೆ" ಅಂದ್ರು, ಗುಂಡಿ ಹಾಕಿ ಕಳಿಸಿದ್ದು ಚಿಕ್ಕಮ್ಮ! ಹಾಗಾಗಿ ದಿನಾ ನೋಡ್ಕೊಳ್ಳುವವರೇ ಜೊತೆಗೆ ಹೋಗಿ, ಹಳೇ ಡಿಸ್ಚಾರ್ಜ್ ಚೀಟಿ ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ.

ಡೈರೆಕ್ಟಿವಿಗೆ ಖರ್ಚು ಕಡಿಮೆ, ಆದ್ರೆ ತಮ್ಮ ಹುಷಾರಿದ್ದಾಗ ಅವನೇ ಬರೆಯೋದು, ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಅಂತ. ಬರೀ ಪ್ರತಿನಿಧಿ, ಅಂದ್ರೆ ಚಿಕಿತ್ಸೆ ವಿಷಯದಲ್ಲಿ ಅವನ ಪರವಾಗಿ ನಿಲ್ಲುವವರನ್ನು ಹೆಸರಿಸೋದಾದ್ರೆ, ಬಿಳಿ ಹಾಳೆಲಿ ಬರೆದು ಅವನ ಸಹಿ ಹಾಕಿದ್ರೆ ಸಾಕು. ತುರ್ತು ಚಿಕಿತ್ಸೆಗೆ ಮಾತ್ರ ಡೈರೆಕ್ಟಿವ್ ಅನ್ವಯ ಆಗಲ್ಲ.

ದುಡ್ಡು, ಕೆಲಸ ಅಂತ ನೋಡಿದ್ರೆ ಕಾರ್ಡೇ. 40% ಅಥವಾ ಜಾಸ್ತಿ ಇದ್ರೆ ಸರ್ಕಾರಿ ಕೆಲಸದ 4% ಮೀಸಲಾತಿಗೆ ಅರ್ಹ, ಅದ್ರಲ್ಲೂ ಮಾನಸಿಕ ಕಾಯಿಲೆಯವರಿಗೆ ಸಿಗೋದು ಆಟಿಸಂ ಇತ್ಯಾದಿಯವರ ಜೊತೆ ಹಂಚ್ಕೊಳ್ಳುವ 1%, ಜುಜುಬಿಯೇ. ಪಿಂಚಣಿಗೆ ಓಡಾಡೋದಿದ್ರೆ ಕಾರ್ಡ್ ಮೊದಲು. ಪದೇ ಪದೇ ಅಡ್ಮಿಟ್ ಆಗ್ತಾನೆ, ಅಣ್ಣ ಒಂದು ಹೇಳ್ತಾನೆ ಭಾವ ಒಂದು ಹೇಳ್ತಾರೆ ಅಂತಾದ್ರೆ ಆ ಬಿಳಿ ಹಾಳೆ ಈ ವಾರವೇ ಆಗ್ಲಿ. ತಮ್ಮನಿಗೆ ಕಾರ್ಡ್ ಅಂದ್ರೇ ನಾಚಿಕೆ ಅಂತಿದ್ರೆ ಒತ್ತಾಯ ಬೇಡ, ಅದು ಆಮೇಲೂ ಮಾಡಿಸ್ಬಹುದು.