ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ ಬೋರ್ಡಿನ ಮೇಲಿನ ಡಿಗ್ರಿ ಪೂರ್ತಿ ಓದಿ

ಹಲ್ಲು ನೇರ ಮಾಡುವ ಸೇವೆ ಈಗ ಮೂರು ಕಡೆ ಸಿಗುತ್ತದೆ: ಆರ್ಥೊಡಾಂಟಿಸ್ಟ್ (ಹಲ್ಲು ನೇರ ಮಾಡುವ ತಜ್ಞ) ಬಳಿ, ಸಾಮಾನ್ಯ ಡೆಂಟಲ್ ಕ್ಲಿನಿಕ್‌ನಲ್ಲಿ, ಮನೆಗೇ ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಕಳಿಸುವ ಕಂಪನಿಗಳಲ್ಲಿ. ಮೂರೂ ಕಡೆ ಹಲ್ಲು ಸರಿಯುತ್ತದೆ. ಆದರೆ ಬೇರು ಮೂಳೆಯಿಂದ ಆಚೆ ಬಾರದಂತೆ ಸರಿಸುವುದೇ ಕಷ್ಟದ ಕೆಲಸ. ದಂತವೈದ್ಯರ ಮೊದಲ ಡಿಗ್ರಿ ಬಿಡಿಎಸ್ ಮುಗಿದ ಮೇಲೆ ಆರ್ಥೊಡಾಂಟಿಕ್ಸ್ ಶಾಖೆಯ ಸ್ನಾತಕೋತ್ತರ ಡಿಗ್ರಿಯಾದ ಎಂಡಿಎಸ್‌ನ 3 ವರ್ಷ ಹೋಗುವುದು ಇದನ್ನು ಕಲಿಯಲಿಕ್ಕೆ.

ಬಿಡಿಎಸ್ ಮಾಡಿದವರು ಕ್ಲಿಪ್ ಹಾಕಬಾರದು ಎಂಬ ಕಾನೂನಿಲ್ಲ. ಆದರೆ ಆ ಶಾಖೆಯ ಡಿಗ್ರಿ ಇಲ್ಲದೆ ತಜ್ಞ ಎಂದು ಹೇಳಿಕೊಳ್ಳುವಂತಿಲ್ಲ. ಬೋರ್ಡಿನಲ್ಲಿ ಬರೀ ‘ಎಂಡಿಎಸ್’ ಎಂದಿದ್ದರೂ ಸಾಲದು. ಅದರಲ್ಲಿ 9 ಶಾಖೆಗಳಿವೆ, ರೂಟ್ ಕೆನಾಲ್ ತಜ್ಞರೂ ಎಂಡಿಎಸ್ಸೇ. ಆರ್ಥೊಡಾಂಟಿಕ್ಸ್ ಎಂಬ ಪದ ಇರಬೇಕು. ‘ಸರ್ಟಿಫೈಡ್ ಅಲೈನರ್ ಪ್ರೊವೈಡರ್’ ಎಂಬುದು ಅಲೈನರ್ ಕಂಪನಿ ಕೊಡುವ ಪಟ್ಟ, ಡಿಗ್ರಿಯಲ್ಲ. ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಬಹುದು.

ಎಡವಟ್ಟು ಆಗುವುದು ಹೆಚ್ಚಾಗಿ ಜಾಗದ ಲೆಕ್ಕದಲ್ಲಿ. ಇಕ್ಕಟ್ಟಾದ ಹಲ್ಲು ಸಾಲಿಗೆ ಬರಬೇಕಾದರೆ ಜಾಗ ಎಲ್ಲಿಂದಲಾದರೂ ಬರಬೇಕು. ಎರಡು ಹಲ್ಲಿನ ನಡುವೆ ಉಜ್ಜಿದರೆ ಸಿಗುವುದು ಹೆಚ್ಚೆಂದರೆ 0.5 ಮಿ.ಮೀ.; ಕೋರೆಹಲ್ಲಿನ ಹಿಂದಿನದನ್ನು ಕಿತ್ತರೆ ಒಂದು ಬದಿಗೆ ಸುಮಾರು 7 ಮಿ.ಮೀ. ‘ಹಲ್ಲು ಕೀಳದೆ ಮಾಡಿಕೊಡುತ್ತೇವೆ’ ಎಂದು ಎಲ್ಲರಿಗೂ ಹೇಳುವವರು ಮುಂದಿನ ಹಲ್ಲುಗಳನ್ನು ಹೊರಗೆ ತಳ್ಳಿಯೇ ಜಾಗ ಮಾಡುತ್ತಾರೆ. ಕೆಳಗಿನ ಮುಂಹಲ್ಲಿನ ಎದುರಿಗಿರುವ ಮೂಳೆ ಬಲು ತೆಳು, ಅಲ್ಲಿ ವಸಡು ಇಳಿದು ಬೇರು ಕಾಣತೊಡಗುತ್ತದೆ. ಇನ್ನೊಂದು ಎಡವಟ್ಟು, ಹಲ್ಲು ಕಿತ್ತ ಮೇಲೆ ದವಡೆ ಹಲ್ಲಿಗೆ ತಡೆ ಕೊಡದೆ ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುವುದು. ದವಡೆ ಹಲ್ಲೇ ಮುಂದೆ ಬಂದು ಸಂದಿ ಮುಚ್ಚಿಬಿಡುತ್ತದೆ, ಉಬ್ಬು ಹಲ್ಲು ಉಬ್ಬಿದಂತೆಯೇ ಉಳಿಯುತ್ತದೆ. ಕಿತ್ತ ಹಲ್ಲು ವಾಪಸ್ ಬರುವುದಿಲ್ಲ.

ತಂತಿಗೂ ಒಂದು ಕ್ರಮವಿದೆ. ಮೊದಲು 0.014 ಅಥವಾ 0.016 ಇಂಚಿನ ನಿಕಲ್-ಟೈಟಾನಿಯಂ, ಸಾಲು ನೇರವಾದ ಮೇಲೆ ದಪ್ಪ ಆಯತಾಕಾರದ ಸ್ಟೀಲ್. ಸಂದಿ ಮುಚ್ಚುವುದು ಈ ಸ್ಟೀಲ್ ತಂತಿಯ ಮೇಲೆ. ಅವಸರ ಮಾಡಿ ತೆಳು ತಂತಿಯಲ್ಲೇ ಎಳೆದರೆ ಹಲ್ಲು ಬೇರುಸಮೇತ ಸರಿಯುವುದಿಲ್ಲ, ಹಿಂದಕ್ಕೆ ವಾಲುತ್ತದೆ. ಬಲ ಹೆಚ್ಚಾದರೆ ಬೇರಿನ ತುದಿ ಕರಗುತ್ತದೆ. ನೋವಿಲ್ಲದ ಕಾರಣ ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಭೇಟಿಯಲ್ಲೇ ಸೇವೆಯ ಗುಣಮಟ್ಟ ಕಾಣುತ್ತದೆ. ಒಪಿಜಿ (ಎರಡೂ ದವಡೆಯ ಪೂರ್ತಿ ಎಕ್ಸ್‌ರೇ), ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್ (ತಲೆಯ ಎಕ್ಸ್‌ರೇ), ಫೋಟೊ, ಅಚ್ಚು ಅಥವಾ ಸ್ಕ್ಯಾನ್ ಇಷ್ಟನ್ನೂ ನೋಡದೆ ಅಂದೇ ಬ್ರ್ಯಾಕೆಟ್ ಅಂಟಿಸಲು ಹೊರಟರೆ ಎದ್ದು ಬನ್ನಿ. ಸಾಮಾನ್ಯ ಕ್ಲಿನಿಕ್‌ಗೆ ಆರ್ಥೊಡಾಂಟಿಸ್ಟ್ ತಿಂಗಳಿಗೊಮ್ಮೆ ಬರುವ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಅವರ ಹೆಸರು ಕೇಳಿಟ್ಟುಕೊಳ್ಳಿ, ಪ್ರತಿ ಸಲ ತಂತಿ ಬದಲಿಸುವವರು ಅವರೇನಾ ನೋಡಿ. ರಿಟೈನರ್ (ಸರಿದ ಹಲ್ಲು ಮತ್ತೆ ಹಳೆ ಜಾಗಕ್ಕೆ ಹೋಗದಂತೆ ಕೊನೆಗೆ ಹಾಕುವ ಸಾಧನ) ಫೀಸಿನಲ್ಲೇ ಸೇರಿದೆಯೇ ಎಂದೂ ಕೇಳಿ.

ಅಂಚೆಯಲ್ಲಿ ಬರುವ ಅಲೈನರ್ ಸೇವೆಯನ್ನು ಶಿಫಾರಸು ಮಾಡಲಾರೆವು. ಒಂದು ಅಲೈನರ್ ಸರಿಸುವುದು ಸುಮಾರು 0.25 ಮಿ.ಮೀ., ದಿನಕ್ಕೆ 20ರಿಂದ 22 ಗಂಟೆ ಹಾಕಿದರೆ. ತಿರುಗಿದ ಕೋರೆಹಲ್ಲು ಅಂದುಕೊಂಡಷ್ಟು ಸರಿಯದೆ ಅಲೈನರ್‌ಗೂ ಹಲ್ಲಿಗೂ ನಡುವೆ ಸಂದಿ ಕಂಡಾಗ ಬಾಯಿ ನೋಡುವ ಡಾಕ್ಟರು ಅಲ್ಲಿಲ್ಲ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಗ್ರಾಹಕರು ಚಿಕಿತ್ಸೆಯ ನಡುವೆಯೇ ಉಳಿದರು. ಅಲ್ಲಿರುವ ಕನ್ನಡಿಗರು 1929ರಿಂದ ಇರುವ ಅಮೆರಿಕನ್ ಬೋರ್ಡ್ ಆಫ್ ಆರ್ಥೊಡಾಂಟಿಕ್ಸ್‌ನ ಸರ್ಟಿಫಿಕೇಟ್ ಇದೆಯೇ ಕೇಳಬಹುದು. ಇಲ್ಲಿಯ ಇಂಡಿಯನ್ ಬೋರ್ಡ್‌ನಂತೆ ಅದೂ ಐಚ್ಛಿಕ. ಇಲ್ಲದಿದ್ದರೆ ದೋಷವಲ್ಲ, ಇದ್ದರೆ ಒಂದು ಭರವಸೆ.

ದುಡ್ಡಿನ ಚಿಂತೆ ಇದ್ದವರು ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಇಲ್ಲವೇ ದಾವಣಗೆರೆ, ಧಾರವಾಡ, ಮಂಗಳೂರಿನ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ನಿಗಾದಲ್ಲಿ ಮಾಡುತ್ತಾರೆ. ಬಾಯಿ ಬಿಟ್ಟು ಕೂರುವ ಹೊತ್ತು ಜಾಸ್ತಿ. ಚಿಕಿತ್ಸೆಗೆ ಸಾಮಾನ್ಯವಾಗಿ 18ರಿಂದ 24 ತಿಂಗಳು ಬೇಕು. ಕೊನೆ ವರ್ಷದ ವಿದ್ಯಾರ್ಥಿ ಶುರು ಮಾಡಿದರೆ ಕೇಸು ಅರ್ಧದಲ್ಲಿ ಜೂನಿಯರ್ ಕೈಗೆ ಹೋಗುತ್ತದೆ. ಮೊದಲ ವರ್ಷದವರ ಹೆಸರಿಗೆ ಬರೆಸಿಕೊಳ್ಳಿ.