ರೈಜನ್ 5 5600ಜಿ: ಗ್ರಾಫಿಕ್ಸ್ ಕಾರ್ಡ್ ಆಮೇಲೆ ಕೊಳ್ಳುವವರಿಗೆ

ಹಾಸನದ ಕಡೆ ಮೊದಲ ಗೇಮಿಂಗ್ ಪಿಸಿ ಕಟ್ಟಲು ಹೊರಟವರ ಅರ್ಧ ದುಡ್ಡನ್ನು ಗ್ರಾಫಿಕ್ಸ್ ಕಾರ್ಡೇ ನುಂಗುತ್ತದೆ. ಆ ಖರ್ಚನ್ನು ಮುಂದಕ್ಕೆ ಹಾಕಲು ಎಎಂಡಿಯ ಈ ಪ್ರೊಸೆಸರ್ ಈಗಲೂ ಒಳ್ಳೆಯ ದಾರಿ. 2021ರದ್ದು, 6 ಕೋರ್, 12 ಥ್ರೆಡ್, 65 ವ್ಯಾಟ್. ವೇಗಾ ಗ್ರಾಫಿಕ್ಸ್ ಒಳಗೇ ಇದೆ, ಕೂಲರ್ ಬಾಕ್ಸಿನಲ್ಲೇ ಬರುತ್ತದೆ. ವ್ಯಾಲೊರಂಟ್‌ನಂಥ ಹಗುರ ಆಟಗಳು 1080ಪಿಯಲ್ಲಿ ಸರಾಗ. ಹೊಸ ಭಾರಿ ಆಟಗಳಿಗೆ 720ಪಿಗೆ ಇಳಿಯಬೇಕು.

ಇದರ ಜೀವ ಇರುವುದು ರ‍್ಯಾಮ್‌ನಲ್ಲಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅಂಗಡಿಯವರು 16 ಜಿಬಿಯ ಒಂದೇ ಸ್ಟಿಕ್ ಕೊಟ್ಟರೆ ಬೇಡವೆನ್ನಿ. 3200 ವೇಗದ ಡಿಡಿಆರ್4, 8 ಜಿಬಿಯ ಎರಡು ಸ್ಟಿಕ್ ತೆಗೆದುಕೊಳ್ಳಿ; ಎರಡೂ ಜೊತೆಯಾಗಿ ಕೆಲಸ ಮಾಡಿದರೆ ಗ್ರಾಫಿಕ್ಸ್‌ಗೆ ಹೆಚ್ಚು ವೇಗ ಸಿಗುತ್ತದೆ. ಮದರ್‌ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದಕ್ಕೆ ಹಾಕಿ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಒಳಗಿನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡದಿದ್ದರೆ ಕೊಟ್ಟ ದುಡ್ಡಿನ ವೇಗ ಸಿಗುವುದಿಲ್ಲ, ಎಷ್ಟೋ ಜನ ಇದನ್ನೇ ಮರೆಯುತ್ತಾರೆ.

ಹಳೆಯ ಸ್ಟಾಕಿನ ಬಿ450 ಮದರ್‌ಬೋರ್ಡ್ ಕೊಳ್ಳುವ ಮುನ್ನ ಬಯಾಸ್ ಅಪ್‌ಡೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಬೋರ್ಡ್ ಈ ಪ್ರೊಸೆಸರನ್ನು ಗುರುತಿಸುವುದಿಲ್ಲ: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಕೂಲರಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಕೊರತೆಯೊಂದಿದೆ: ಗ್ರಾಫಿಕ್ಸ್ ಕಾರ್ಡನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿ (ಪಿಸಿಐಇ) ಇದರಲ್ಲಿ ಹಳೆಯ 3.0 ಮಾತ್ರ. ಆ ದಾರಿಯ ನಾಲ್ಕೇ ಲೇನ್ ಬಳಸುವ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಇದರ ಜೊತೆ ಸೊರಗುತ್ತದೆ. ಮುಂದೆ ಆರ್‌ಎಕ್ಸ್ 6600 ಕಾರ್ಡ್ ಹಾಕುವ ಆಸೆಯಿದ್ದರೆ ಈಗಲೇ 550 ವ್ಯಾಟಿನ ಒಳ್ಳೆಯ ಪವರ್ ಸಪ್ಲೈ ಕೊಳ್ಳಿ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ಹೋಗಿಬಂದು ಮಾಡುವುದರಿಂದ ಯುಪಿಎಸ್‌ಗೂ ದುಡ್ಡು ಎತ್ತಿಡಿ.